ಅಲ್ಪ ತರಂಗ

"ತಲೆಗೆ ಎಣ್ಣೆ ಹಾಕ್ಕೊಂಡು ಬಂದಿದ್ದೀರಲ್ಲಮ್ಮಾ!"

ಆಸ್ಪತ್ರೆಯ ಇಇಜಿ ಕೋಣೆಯ ಹುಡುಗಿ ಅನುಶ್ರೀ, ನಿಸರ್ಗಳ ತಲೆಯ ಮೇಲೆ ಆಡಿಸಿದ ಬೆರಳನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದಳು. ಬೆರಳು ಮಿರಮಿರ ಹೊಳೆಯುತ್ತಿತ್ತು. ಕಮಲಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಹೊಳೆನರಸೀಪುರದಿಂದ ಬೆಳಗಾಗುವ ಮೊದಲೇ ಹೊರಟು ಹಾಸನಕ್ಕೆ ಬಂದು, ಇಷ್ಟು ಹೊತ್ತು ಸಾಲಿನಲ್ಲಿ ಕಾದು, ಈಗ ಈ ಮಾತು ಕೇಳಬೇಕೆ?

"ಇಲ್ಲ ಕಣವ್ವ. ನೆನ್ನೆ ಸಾಯಂಕಾಲ ನಾನೇ ಕೂರಿಸ್ಕೊಂಡು ಎರಡು ಸಲ ಶಾಂಪೂ ಹಾಕಿ ಉಜ್ಜಿದ್ದೀನಿ."

"ಹಾಗಾದ್ರೆ ಇದೇನಮ್ಮ, ಬೆವರಾ?"

ಕಮಲಾಕ್ಷಿ ಬಗ್ಗಿ ಮಗಳ ತಲೆ ಮೂಸಿದಳು. ಹರಳೆಣ್ಣೆ! ಗಾಣದಿಂದ ಈಗತಾನೇ ಎತ್ತಿ ತಂದ ಹಾಗೆ ಘಮ್ಮೆನ್ನುತ್ತಿತ್ತು.

"ಯಾರೇ ಹಾಕಿದ್ದು?"

"ಅಜ್ಜಿ," ಅಂದಳು ನಿಸರ್ಗ, ತೂಕಡಿಸುತ್ತಲೇ. ಎಂಟನೇ ಕ್ಲಾಸಿನ ಹುಡುಗಿ. ಇಇಜಿಗೆ ನಿದ್ದೆಗೆಡಿಸಿ ಕರೆತರಬೇಕೆಂದು ಆಸ್ಪತ್ರೆಯವರು ಹೇಳಿದ್ದರಿಂದ ಇಡೀ ರಾತ್ರಿ ಎಚ್ಚರವಿದ್ದಳು. "ನೀನು ಹಾಲು ತರಾಕೋಗಿದ್ದಾಗ. ರಾತ್ರಿಯೆಲ್ಲ ನಿದ್ದೆ ಇಲ್ಲ, ನೆತ್ತಿ ಕಾದಿರ್ತದೆ ಅಂತ ಅಂಗೈ ತುಂಬ ಸುರ್ಕೊಂಡು ತಟ್ಟಿಬಿಡ್ತು."

ಕಮಲಾಕ್ಷಿ ಅಲ್ಲಿಂದಲೇ ಅತ್ತೆಗೆ ಫೋನು ಹಚ್ಚಿದಳು. ಚಿಕ್ಕಲಕ್ಷ್ಮಮ್ಮ ಮೊದಲ ರಿಂಗಿಗೇ ಎತ್ತಿದರು.

"ಅತ್ತೆ, ಮಗೀನ ತಲೆಗೆ ಎಣ್ಣೆ ಹಾಕಬೇಡಿ ಅಂತ ಬಡ್ಕೊಂಡಿದ್ನಲ್ಲಾ!"

"ತಲೆಗೆಲ್ಲಿ ಆಕ್ದೆ? ನೆತ್ತಿಗೆ ಒಸಿ ತಟ್ದೆ."

"ನೆತ್ತಿ ಇರೋದು ಎಲ್ಲಿ, ಮೊಣಕಾಲಲ್ಲಾ?"

"ತಲೆಗೆ ಬ್ಯಾರೆ, ನೆತ್ತಿಗೆ ಬ್ಯಾರೆ ಕಣವ್ವ. ಡಾಕ್ಟ್ರು ತಲೆಗೆ ಆಕ್ಬ್ಯಾಡಿ ಅಂದವ್ರೆ. ನೆತ್ತಿಗೆ ಬ್ಯಾಡ ಅಂದಿದ್ರಾ? ಕೇಳ್ನೋಡು. ಮಗೀನ್ ನೆತ್ತಿ ಕೆಂಡ ಕೆಂಡ ಆಗಿತ್ತು. ನೀವೆಲ್ಲ ಸೇರ್ಕೊಂಡು ನಿದ್ದೆಗೆಡಿಸಿ ಮಗೀನ ಕೊಲ್ತೀರ ಅಷ್ಟೆಯ."

ಇನ್ನೇನು ಹೇಳಲಿ ಈ ಹೆಂಗಸಿಗೆ! ಕಮಲಾಕ್ಷಿ ಫೋನು ಕತ್ತರಿಸಿ ಬ್ಯಾಗಿಗೆ ಎಸೆದಳು. ಅನುಶ್ರೀ ಆಗಲೇ ಬೇರೊಬ್ಬರ ಹೆಸರು ಕೂಗಲು ಬಾಗಿಲ ಕಡೆ ನೋಡುತ್ತಿದ್ದಳು.

ಗಂಡ ಶಶಿಕುಮಾರ್ ಇಷ್ಟು ಹೊತ್ತೂ ಕಂಪ್ಯೂಟರಿನ ಹಿಂದೆ ಹೋಗಿ ವೈರುಗಳನ್ನು ಬಗ್ಗಿ ನೋಡುತ್ತಿದ್ದವನು ತಲೆ ಎತ್ತಿದ. "ಎಣ್ಣೆ ಇದ್ರೆ ಏನಾಯ್ತು ಮೇಡಂ? ಸಿಗ್ನಲ್ ಬತ್ತದೆ ಬಿಡಿ. ವಾಲ್ಯೂಮ್ ಒಸಿ ಜಾಸ್ತಿ ಮಾಡಿ."

"ಇದಕ್ಕೆ ವಾಲ್ಯೂಮ್ ಇರಲ್ಲ ಸರ್. ಎಣ್ಣೆ ಇದ್ರೆ ಪೇಸ್ಟ್ ಅಂಟೋದೇ ಇಲ್ಲ, ವೈರು ಜಾರಿ ಬಿದ್ದೋಗುತ್ತೆ. ಕೆಳಗಡೆ ಮೆಡಿಕಲ್ಸಲ್ಲಿ ಶಾಂಪೂ ಸಿಗುತ್ತೆ. ತೊಳ್ಕೊಂಡು, ಒಣಗಿಸ್ಕೊಂಡು ಬನ್ನಿ. ಮಗು ಮಾತ್ರ ಮಲಗಬಾರದು."

ಆಸ್ಪತ್ರೆಯ ಹೆಂಗಸರ ಬಚ್ಚಲುಮನೆಯಲ್ಲಿ, ಕೈತೊಳೆಯುವ ಬೇಸಿನ್ನಿಗೆ ಮಗಳ ತಲೆ ಬಗ್ಗಿಸಿ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಮಲಾಕ್ಷಿ ತಿಕ್ಕತೊಡಗಿದಳು. ತಣ್ಣೀರಿಗೆ ಹರಳೆಣ್ಣೆ ಬಿಡುವುದುಂಟೆ? ಒಂದು ಪೊಟ್ಟಣ ಮುಗಿದು ಎರಡನೆಯದು, ಎರಡು ಮುಗಿದು ಮೂರನೆಯದು. ಕೈ ತೊಳೆಯಲು ಬಂದ ಹೆಂಗಸರೆಲ್ಲ ಒಂದೊಂದು ಸಲ ನಿಂತು ನೋಡಿ ಹೋಗುತ್ತಿದ್ದರು. ಒಬ್ಬಾಕೆಯಂತೂ, "ಹೇನಾ?" ಎಂದು ಕೇಳಿಯೇ ಬಿಟ್ಟಳು.

"ಅಮ್ಮಾ, ನಂಗೆ ಹುಚ್ಚಾ?" ಬೇಸಿನ್ನಿನ ಒಳಗಿಂದ ನಿಸರ್ಗ ಕೇಳಿದಳು.

"ಹುಚ್ಚು ನಿಮ್ಮಪ್ಪಂಗೆ. ಸುಮ್ನೆ ಬಗ್ಗು."

ಅಂದಳೇನೋ ನಿಜ. ಆದರೆ ಉಜ್ಜುವ ಕೈಗೆ ಇನ್ನಷ್ಟು ಬಲ ಹಾಕಿದಳು.

ಶಶಿಕುಮಾರನದು ಹೊಳೆನರಸೀಪುರದಲ್ಲಿ ಮೈಕ್‌ಸೆಟ್ ಅಂಗಡಿ. ಮನೆಯ ಮುಂಭಾಗವೇ ಅಂಗಡಿ. ಗಣಪತಿ ಕೂರಿಸುವವರಿಗೆ, ಮದುವೆಯವರಿಗೆ, ಸ್ಕೂಲ್ ಡೇಗೆ, ಕೊಣನೂರು ಸಂತೆಯಲ್ಲಿ ಚಾಕು, ಸಾಣೆಕಲ್ಲು ಮಾರುವವನಿಗೆ, ಎಲ್ಲರಿಗೂ ಅವನೇ. ಕೆಟ್ಟವನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಒಂದು ವಿಷಯ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಬಿಡುವವನಲ್ಲ. ಹೋದ ವರ್ಷ ನಿಸರ್ಗಳ ಶಾಲೆಯಿಂದ ದೂರು ಬಂತು. ಹುಡುಗಿ ಪಾಠದ ನಡುವೆ ಎಲ್ಲೋ ನೋಡುತ್ತಾ ಕೂರುತ್ತಾಳೆ, ಕರೆದರೂ ಓಗೊಡುವುದಿಲ್ಲ, ಗಮನವೇ ಇಲ್ಲ ಎಂದು. ಅದೇ ವಾರ ಶಶಿಕುಮಾರ್ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ. ಇಂಥಿಂಥ ಸಂಗೀತ ಕೇಳಿದರೆ ಮೆದುಳಿನಲ್ಲಿ ಆಲ್ಫಾ ಎಂಬ ಅಲೆ ಏಳುತ್ತದೆ, ಆ ಅಲೆ ಎದ್ದರೆ ಮನಸ್ಸು ಕೊಳದ ನೀರಿನಂತೆ ನಿಲ್ಲುತ್ತದೆ, ಓದಿದ್ದೆಲ್ಲ ಹಾಗೇ ಅಚ್ಚಾಗುತ್ತದೆ ಎಂದು ಕನ್ನಡಕದ ಮನುಷ್ಯನೊಬ್ಬ ಕೈ ಆಡಿಸಿ ಹೇಳುತ್ತಿದ್ದ. ಅಷ್ಟೇ ಸಾಕಾಯಿತು. ತಂಬೂರಿಯ ಗುಂಯ್ ಶಬ್ದದ ಮೇಲೆ ಕೊಳಲು ಸೇರಿಸಿದ ಉದ್ದನೆಯ ಒಂದು ಹಾಡು ಇಳಿಸಿಕೊಂಡು, ಬೆಳಿಗ್ಗೆ ಸಂಜೆ ಮಗಳ ಓದುವ ಮೇಜಿನ ಎರಡೂ ಕಡೆ ಸ್ಪೀಕರ್ ಡಬ್ಬ ಇಟ್ಟು ಹಾಕತೊಡಗಿದ. ಆಲ್ಫಾ ಎಂಬುದು ಅವನ ಬಾಯಲ್ಲಿ ಮೊದಲ ದಿನವೇ ಅಲ್ಪ ಆಯಿತು.

"ಅಲ್ಪ ಯಾಕ್ಲಾ ಆಕ್ತೀಯ ಮಗೀಗೆ?" ಎಂದು ಚಿಕ್ಕಲಕ್ಷ್ಮಮ್ಮ ಅವತ್ತೇ ಕೇಳಿದ್ದರು. "ಇರೋಳು ಒಬ್ಳು ಮಗ್ಳು. ಆಕಾದಾದ್ರೆ ದೊಡ್ಡುದ್ನೇ ಆಕ್ಸು."

ಹಾಡು ಹಾಕಿದಾಗಲೆಲ್ಲ ಶಶಿಕುಮಾರ್ ಮಗಳನ್ನು ಕಾದು ನೋಡುತ್ತಿದ್ದ. ಓದುತ್ತಿದ್ದವಳು ಇದ್ದಕ್ಕಿದ್ದಂತೆ ಸ್ತಬ್ಧಳಾಗುವಳು. ಕಣ್ಣು ತೆರೆದೇ ಇರುವುದು, ರೆಪ್ಪೆ ಮಾತ್ರ ಸಣ್ಣಗೆ ಅದುರುವುದು. ಆಮೇಲೆ ಏನೂ ಆಗದವಳಂತೆ ಮತ್ತೆ ಪುಸ್ತಕ ನೋಡುವಳು. "ಬಾ ಕಮಲಿ, ಬಾರೇ ಇಲ್ಲಿ! ಮಗ ಅಲ್ಪಕ್ಕೋದ್ಲು!" ಎಂದು ಅವನು ಪಿಸುದನಿಯಲ್ಲಿ ಕರೆಯುವನು. ವಿಡಿಯೋ ಮಾಡುವನು. ಅದಕ್ಕೆ ಅಂಗಡಿಯ ಹೆಸರು ಸೇರಿಸಿ ಗ್ರೂಪುಗಳಿಗೆ ಕಳಿಸುವನು. ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಕಡೆಯಿಂದ ಮಕ್ಕಳ ತಂದೆತಾಯಿಗಳು ಫೋನು ಮಾಡಿ ಅಲ್ಪದ ಪೆನ್‌ಡ್ರೈವ್ ತರಿಸಿಕೊಂಡರು. ಹಳೇಕೋಟೆಯ ಶಾಲೆಯೊಂದರಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಇವನ ಡಬ್ಬದಲ್ಲಿ ಅಲ್ಪ ಹಾಕಿಸಿ, ಇವನಿಗೆ ಶಾಲು ಹೊದಿಸಿದರು. ಆ ಶಾಲು ಇಸ್ತ್ರಿ ಮಾಡಿ ಬೀರುವಿನಲ್ಲಿ ಇಟ್ಟವಳು ಕಮಲಾಕ್ಷಿಯೇ.

ಮೊದಲು ಅವಳಿಗೂ ತಿಳಿಯಲಿಲ್ಲ. ಆಮೇಲಾಮೇಲೆ ಹಾಡಿಲ್ಲದ ಹೊತ್ತಿನಲ್ಲೂ ಮಗಳು ಹೀಗೆ ಹೋಗಿ ಬರುವುದು ಕಾಣತೊಡಗಿತು. ತುತ್ತು ಬಾಯ ಹತ್ತಿರ ನಿಲ್ಲುವುದು. ಜಡೆ ಹಾಕುವಾಗ ಕೇಳಿದ ಮಾತಿಗೆ ಉತ್ತರ ಬರದಿರುವುದು. "ರೀ, ಇವಳು ಊಟ ಮಾಡ್ತಾ ಮಾಡ್ತಾನೂ ಹಿಂಗಾಗ್ತಾಳೆ" ಅಂದರೆ, "ಅಂಗೇನೆ ಅದು, ಅಭ್ಯಾಸ ಆಯ್ತಾ ಆಯ್ತಾ ಹಾಡಿಲ್ದೇ ಹೋದ್ರೂ ಬತ್ತದೆ" ಎಂದು ಇನ್ನಷ್ಟು ಉಬ್ಬಿದ. ಇಂಥವನ ಹತ್ತಿರ ಏನು ವಾದ ಮಾಡುವುದು? ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ.

ಕೊನೆಗೆ ಮೊನ್ನೆ ಮೊನ್ನೆ, ಅಡಿಗೆಮನೆಯಿಂದ ಸಾರಿನ ಪಾತ್ರೆ ತರುತ್ತಿದ್ದ ನಿಸರ್ಗ ನಡುಮನೆಯಲ್ಲಿ ನಿಂತುಬಿಟ್ಟಳು. ಪಾತ್ರೆ ವಾಲಿ ಕುದಿಯುವ ಸಾರು ಅವಳದೇ ಪಾದದ ಮೇಲೆ ಸುರಿಯಿತು. ಅವಳು ಕೂಗಲಿಲ್ಲ. ಸುಮ್ಮನೆ ಎದುರಿನ ಗೋಡೆ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ನೋಡಿ ಕಿಟಾರನೆ ಕಿರುಚಿದಳು. ಕಮಲಾಕ್ಷಿ ಓಡಿಬಂದು ಪಾದಕ್ಕೆ ತಣ್ಣೀರು ಸುರಿದಳು. ಮಗಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುವುದು ಹಾಸನದ ರಸ್ತೆ ದಾಟಿ. ಅಲ್ಲಿ ಹೀಗೆ ನಿಂತರೆ? ಲಾರಿಯವನಿಗೇನು ಗೊತ್ತಾಗುತ್ತದೆ ಅಲ್ಪವೋ ಗಿಲ್ಪವೋ!

ಊರಿನ ಡಾಕ್ಟರು ಎಲ್ಲ ಕೇಳಿಸಿಕೊಂಡು, ಹಾಸನಕ್ಕೆ ಹೋಗಿ ಇಇಜಿ ಮಾಡಿಸಿ, ಇದು ಫಿಟ್ಸಿನ ಒಂದು ಬಗೆ ಇರಬಹುದು ಎಂದರು. ಮನೆಯಲ್ಲಿ ರಂಪವಾಯಿತು. "ಆ ಮಾತ ಬಾಯಲ್ಲಿ ಅನ್ಬ್ಯಾಡ ಕಮಲಿ," ಎಂದು ಅತ್ತೆ ಬಾಗಿಲು ಮುಂದಕ್ಕೆ ಹಾಕಿದರು. "ನಾಕು ಜನಕ್ಕೆ ಗೊತ್ತಾದ್ರೆ ನಾಳೆ ಯಾವನು ಮದ್ವೆ ಆದಾನು? ಬಿದ್ಲಾ, ಒದ್ದಾಡಿದ್ಲಾ, ಬಾಯಲ್ಲಿ ನೊರೆ ಬಂತಾ? ಏನೂ ಇಲ್ಲ. ಫಿಟ್ಸಂತೆ ಫಿಟ್ಸು!" ಶಶಿಕುಮಾರ್ ಮಾತ್ರ ಆಸ್ಪತ್ರೆಗೆ ತಾನಾಗಿಯೇ ಹೊರಟ. ಯಾಕೆಂದರೆ ಇಇಜಿ ಎಂದರೆ ಮೆದುಳಿನ ಅಲೆಯನ್ನು ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತಾರಂತೆ. ಮಗಳ ಅಲ್ಪವನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬಹುದಲ್ಲ! ಮೊಳದುದ್ದದ ಸ್ಪೀಕರ್ ಒಂದನ್ನು ಬಗಲಿಗೆ ಸಿಕ್ಕಿಸಿಕೊಂಡೇ ಓಮ್ನಿ ಹತ್ತಿದ್ದ. ದಾರಿಯುದ್ದಕ್ಕೂ ಅದೇ ಕೊಳಲು.

ತಲೆ ಒಣಗಿಸಿ ಮತ್ತೆ ಒಳಗೆ ಹೋದಾಗ ಅನುಶ್ರೀ ಕೂದಲು ಬಿಡಿಸಿ ನೋಡಿ, "ಪರವಾಗಿಲ್ಲ" ಅಂದಳು. ಅಳತೆ ಪಟ್ಟಿ ಹಿಡಿದು ನೆತ್ತಿಯಲ್ಲಿ, ಹಣೆಯಲ್ಲಿ, ಕಿವಿಯ ಹಿಂದೆ ಗುರುತು ಮಾಡಿ, ಬಿಳಿ ಪೇಸ್ಟು ಮೆತ್ತಿ ಒಂದೊಂದೇ ವೈರು ಅಂಟಿಸಿದಳು. ಮಂಚದ ಮೇಲೆ ಮಲಗಿದ ನಿಸರ್ಗಳ ತಲೆ ತುಂಬ ಬಣ್ಣಬಣ್ಣದ ವೈರು. ಪರದೆಯ ಮೇಲೆ ಸಾಲುಸಾಲು ಗೆರೆ ಓಡತೊಡಗಿದವು. ಯಾವ ಗೆರೆಯೂ ಪಕ್ಕದ ಗೆರೆಯ ಹಾಗಿರಲಿಲ್ಲ. ಕೋಳಿ ಕೆದಕಿದ ಹಾಗೆ ಕಂಡವು ಕಮಲಾಕ್ಷಿಗೆ.

"ಇದೇನ್ ಮೇಡಂ, ಇಷ್ಟೊಂದು ಗಲೀಜಾಗೈತೆ?" ಶಶಿಕುಮಾರ್ ಬಗ್ಗಿ ನೋಡಿದ.

"ಗಲೀಜಲ್ಲ, ಹೀಗೇ ಇರಬೇಕು. ನಿಸರ್ಗ, ಕಣ್ಣು ಮುಚ್ಚಮ್ಮ... ಹಾಂ, ಈಗ ನೋಡಿ, ಕೆಳಗಡೆ ಗೆರೆಗಳಲ್ಲಿ ಸಣ್ಣಗೆ ಹಲ್ಲು ಹಲ್ಲಾಗಿ ಬರ್ತಿದೆಯಲ್ಲ, ಅದೇ ನೀವು ಬೆಳಗಿಂದ ಹೇಳ್ತಿರೋ ಆಲ್ಫಾ. ಕಣ್ಣು ಬಿಡಮ್ಮ. ನೋಡಿ, ಹೋಯ್ತು."

ಶಶಿಕುಮಾರನ ಮುಖ ಸಪ್ಪಗಾಯಿತು. "ಹಾಡು ಇಲ್ದೇನೆ ಬತ್ತದಾ?"

"ಕಣ್ಣು ಮುಚ್ಚಿ ಸುಮ್ನೆ ಕೂತ್ರೆ ನಿಮಗೂ ಬರುತ್ತೆ, ನನಗೂ ಬರುತ್ತೆ."

ಕೇಳಿದೆಯಾ! ಒಂದು ವರ್ಷದಿಂದ ಮನೆ ಕಿತ್ತುಹೋಗುವ ಹಾಗೆ ಕೊಳಲು ಊದಿಸಿ, ಊರೂರಿಗೆಲ್ಲ ಹಂಚಿದ ಮಹಾ ಅಲ್ಪ, ಕಣ್ಣು ಮುಚ್ಚಿದರೆ ಬರುವಂಥದ್ದು. ಬೇರೆ ಹೊತ್ತಾಗಿದ್ದರೆ ಕಮಲಾಕ್ಷಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಆದರೆ ಅವನು ಬಿಟ್ಟಾನೆಯೇ?

"ಹಾಡು ಹಾಕಿದ್ರೆ ಇನ್ನೂ ಜಾಸ್ತಿ ಬತ್ತದೆ ಮೇಡಂ. ಮನೇಲಿ ನಾನು ಕಣ್ಣಾರೆ ನೋಡಿವ್ನಿ. ಒಂದೇ ಒಂದು ಸಲ ಹಾಕ್ಲಾ? ಮೆತ್ತಗೆ."

"ಕೆಲವರಿಗೆ ಹಾಡು ಕೇಳಿದಾಗ ಸ್ವಲ್ಪ ಜಾಸ್ತಿ ಆಗಬಹುದು. ಆದ್ರೆ ನಾವು ಈಗ ನೋಡ್ತಿರೋದು ಅದನ್ನಲ್ಲ ಸರ್."

"ರೀ, ಸುಮ್ನಿರ್ತೀರಾ ಇಲ್ವಾ?" ಕಮಲಾಕ್ಷಿ ಹಲ್ಲು ಕಚ್ಚಿದಳು.

ಮಂಚದ ಮೇಲಿಂದ ನಿಸರ್ಗ, "ಹಾಕ್ಲಿ ಬಿಡಿ ಅಕ್ಕ," ಅಂದಳು. "ಇಲ್ದಿದ್ರೆ ಮನೆವರ್ಗೂ ಅದ್ನೇ ಹೇಳ್ಕೊಂಡು ಬತ್ತದೆ ಅಪ್ಪ."

ಅನುಶ್ರೀಗೆ ನಗು ಬಂತು. ಸಣ್ಣ ದನಿಯಲ್ಲಿ ಹಾಕಿ, ನಾನು ಹೇಳಿದ ಕೂಡಲೇ ನಿಲ್ಲಿಸಬೇಕು ಎಂದು ಒಪ್ಪಿದಳು. ತಂಬೂರಿ ಗುಂಯ್ ಎಂದಿತು. ಕೊಳಲು ಎದ್ದಿತು. "ಈಗ ಬಲೂನು ಊದ್ತೀಯಲ್ಲ, ಹಾಗೆ ಜೋರಾಗಿ ಉಸಿರು ಎಳಿ, ಬಿಡು. ನಾನು ಸಾಕು ಅನ್ನೋವರೆಗೂ ನಿಲ್ಲಿಸಬಾರದು," ಎಂದು ಅನುಶ್ರೀ ನಿಸರ್ಗಳಿಗೆ ಹೇಳಿಕೊಟ್ಟಳು. ಹುಡುಗಿಯ ಎದೆ ಏರಿ ಇಳಿಯತೊಡಗಿತು. ಗೆರೆಗಳು ಸ್ವಲ್ಪ ದಪ್ಪಗಾದವು. ಒಮ್ಮೆಲೇ, ಕೆದಕಿದ ಹಾಗಿದ್ದ ಅಷ್ಟೂ ಗೆರೆಗಳು ಒಟ್ಟಿಗೆ ಎದ್ದವು, ಒಟ್ಟಿಗೆ ಬಿದ್ದವು. ಒಂದು ಮುಳ್ಳು, ಒಂದು ಅಲೆ. ಒಂದು ಮುಳ್ಳು, ಒಂದು ಅಲೆ. ಮೇಲಿಂದ ಕೆಳಗಿನವರೆಗೂ ಒಂದಿಷ್ಟೂ ಆಚೀಚೆಯಿಲ್ಲ. ರಂಗೋಲಿ ಕೊಳವೆ ಎಳೆದ ಹಾಗೆ ಪರದೆ ತುಂಬಿಹೋಯಿತು.

"ಬಂತು! ಬಂತು!" ಶಶಿಕುಮಾರ್ ಕುಣಿದೇಬಿಟ್ಟ. "ನೋಡೇ ಕಮಲಿ, ನೋಡೇ! ಎಲ್ಲಾ ಗೆರೇನೂ ಒಂದೇ ತಾಳ! ಹೆಂಗ್ ಕೂತ್ಕಂಡೈತೆ ನೋಡು ಲಯ! ನಾನು ಹೇಳ್ಲಿಲ್ವಾ ಮೇಡಂ? ಇದರದ್ದು ಪ್ರಿಂಟ್ ಕೊಡಿ, ಇದರದ್ದು!"

ಅನುಶ್ರೀಯ ಮುಖದ ನಗು ಎಲ್ಲಿ ಹೋಯಿತೋ. ಕೀ ಒತ್ತಿ ಪರದೆಯ ಮೇಲೆ ಗುರುತು ಹಾಕಿ, ಮಂಚದ ಕಡೆ ಬಗ್ಗಿ, "ನಿಸರ್ಗಾ? ಹಲಸಿನಹಣ್ಣು. ನಿಸರ್ಗಾ, ಹಲಸಿನಹಣ್ಣು, ನೆನಪಿಟ್ಕೋ," ಎಂದಳು. ನಿಸರ್ಗ ಉಸಿರೆಳೆಯುವುದನ್ನು ನಿಲ್ಲಿಸಿದ್ದಳು. ಕಣ್ಣು ತೆರೆದು ಸೂರಿಗೆ ನೆಟ್ಟಿದ್ದವು. ರೆಪ್ಪೆ ಅದುರುತ್ತಿತ್ತು. ಕೊಳಲು ತನ್ನ ಪಾಡಿಗೆ ತಾನು ಊದುತ್ತಿತ್ತು. ಕಮಲಾಕ್ಷಿ ಪರದೆ ನೋಡುವುದನ್ನು ಬಿಟ್ಟು ಅನುಶ್ರೀಯ ಮುಖವನ್ನೇ ನೋಡಿದಳು. ಅಲ್ಲಿ ಎಲ್ಲ ಬರೆದಿತ್ತು.

ಗೆರೆಗಳು ಬಂದ ಹಾಗೆಯೇ ಹೋದವು. ಪರದೆ ಮತ್ತೆ ಕೋಳಿ ಕೆದಕಿದ ಹಾಗಾಯಿತು. ನಿಸರ್ಗ ಮತ್ತೆ ಉಸಿರೆಳೆಯತೊಡಗಿದಳು.

"ಈಗ ನಾನೇನು ಹೇಳ್ದೆ ಪುಟ್ಟಾ?"

"ಉಸಿರು ಎಳಿ ಅಂದ್ರಿ."

"ಅದಾದ ಮೇಲೆ? ಒಂದು ಹಣ್ಣಿನ ಹೆಸರು ಹೇಳ್ದೆನಲ್ಲ?"

"ಇಲ್ವಲ್ಲ ಅಕ್ಕ."

ಅನುಶ್ರೀ ಶಶಿಕುಮಾರನ ಕಡೆ ತಿರುಗಿ, ಹಾಡು ನಿಲ್ಲಿಸಿ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಹಾಡಿಲ್ಲದೆ ಮತ್ತೊಮ್ಮೆ ಉಸಿರು ಎಳೆಸಿದಳು. ಮತ್ತೆ ಅದೇ ಮುಳ್ಳು, ಅದೇ ಅಲೆ, ಅದೇ ತಾಳ. ಶಶಿಕುಮಾರ್ ಈ ಸಲ ಕುಣಿಯಲಿಲ್ಲ. ಸ್ಪೀಕರನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ನಿಂತಿದ್ದ.

"ಹಾಡು ಇಲ್ದೇನೂ ಲಯ ಬಂತಲ್ಲ ಮೇಡಂ," ಅಂದ. ದನಿ ಮೊದಲಿನಂತಿರಲಿಲ್ಲ.

"ಡಾಕ್ಟರ್ ಹೇಳ್ತಾರೆ ಸರ್."

ಡಾಕ್ಟರು ನಡುವಯಸ್ಸಿನ ಹೆಂಗಸು. ಮಾತು ಕಡಿಮೆ. ರಿಪೋರ್ಟು ನೋಡಿ, ನಿಸರ್ಗಳ ಪಾದದ ಸುಟ್ಟ ಗಾಯ ನೋಡಿ, "ಇದು ಎಪಿಲೆಪ್ಸಿ. ಫಿಟ್ಸೇ. ಬಿದ್ದು ಒದ್ದಾಡೋ ತರಹದ್ದಲ್ಲ, ಕೆಲವು ಕ್ಷಣ ಎಚ್ಚರ ತಪ್ಪುತ್ತೆ, ಅಷ್ಟೆ. ದಿನಕ್ಕೆ ಎಷ್ಟು ಸಲ ಬರುತ್ತೋ ಅವಳಿಗೇ ಗೊತ್ತಿರಲ್ಲ," ಎಂದರು. ಆಮೇಲೆ, "ಮನೇಲಿ ಹೀಗಾದಾಗ ಯಾರಾದ್ರೂ ವಿಡಿಯೋ ಮಾಡಿದ್ದೀರಾ? ಇದ್ರೆ ನನಗೆ ತುಂಬಾ ಅನುಕೂಲ," ಎಂದು ಕೇಳಿದರು.

ಕಮಲಾಕ್ಷಿ ಗಂಡನ ಮುಖ ನೋಡಿದಳು. ಬೇಕಾದಷ್ಟಿವೆಯಲ್ಲ! ತೋರಿಸಯ್ಯಾ ಈಗ, ಊರಿಗೆಲ್ಲ ತೋರಿಸಿದವನು! ಶಶಿಕುಮಾರ್ ಜೇಬಿನಿಂದ ಫೋನು ತೆಗೆದ. ಒಂದು ವಿಡಿಯೋ ಒತ್ತಿದ. ಕೊಳಲು ಜೋರಾಗಿ ಕೇಳಿತು. 'ಅಲ್ಪ ತರಂಗದಲ್ಲಿ ಲೀನಳಾದ ನಮ್ಮ ಮಗಳು' ಎಂದು ಹಳದಿ ಅಕ್ಷರ ಬಂತು, ಕೆಳಗೆ ಅಂಗಡಿಯ ಫೋನ್ ನಂಬರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದು ಹೌದು. ಇನ್ನೊಂದು ಇದೆಯಾ? ಹಾಂ, ಇದೂ ಹೌದು. ಮುಂದಿನದು... ಇದೂನೂ."

ಒಂದೊಂದಕ್ಕೂ ಶಶಿಕುಮಾರ್ ದನಿ ತಗ್ಗಿಸುತ್ತಾ ಹೋದ. ಕೊನೆಗೆ ಏನೂ ಕೇಳಿಸದಾಯಿತು. ಒಂದು ವಿಡಿಯೋದಲ್ಲಿ ನಿಸರ್ಗಳ ಕೈಯ ಪೆನ್ನು ಜಾರಿ ನೆಲಕ್ಕೆ ಬೀಳುವುದಿತ್ತು. ಇನ್ನೊಂದರಲ್ಲಿ ಅವನದೇ ದನಿ, "ಭೇಷ್ ಮಗಾ" ಅನ್ನುತ್ತಿತ್ತು. ಅದು ಬಂದದ್ದು ದನಿ ಪೂರ್ತಿ ತಗ್ಗಿಸುವ ಮೊದಲೇ.

"ನನ್ನ ಹಾಡಿಂದ ಬಂತಾ ಮೇಡಂ?" ಎಂದು ಕೇಳಿದ.

"ಇಲ್ಲ. ಹಾಡು ಕೇಳಿ ಫಿಟ್ಸ್ ಬರೋರು ಸಾವಿರಾರು ಜನರಲ್ಲಿ ಒಬ್ಬರೂ ಸಿಗಲ್ಲ, ಇವಳಿಗೆ ಹಾಗಿಲ್ಲ. ಹಾಡಿಂದ ವಾಸಿಯಾಗೋದೂ ಇಲ್ಲ. ಇದಕ್ಕೆ ಮಾತ್ರೆ ಬೇಕು. ಒಂದು ಹೊತ್ತೂ ತಪ್ಪಿಸಬಾರದು. ಸೈಕಲ್ ಸದ್ಯಕ್ಕೆ ಬೇಡ."

"ಇಷ್ಟು ಚೆನ್ನಾಗಿ ಒಂದೇ ತಾಳಕ್ಕೆ ಬರ್ತಿತ್ತಲ್ಲ ಮೇಡಂ..."

"ಅದೇ ಕಾಯಿಲೆ. ಮೆದುಳಿನಲ್ಲಿ ಒಬ್ಬೊಬ್ಬರು ಒಂದೊಂದು ಕೆಲಸ ಮಾಡ್ತಾ ಇರಬೇಕು. ಎಲ್ಲರೂ ಕೆಲಸ ಬಿಟ್ಟು ಒಟ್ಟಿಗೆ ಚಪ್ಪಾಳೆ ಹೊಡೀತಾ ನಿಂತ್ರೆ ಅವಳಿಗೆ ಕೇಳಿಸೋದಾದ್ರೂ ಹೇಗೆ, ಕಾಣಿಸೋದಾದ್ರೂ ಹೇಗೆ?"

ಕೆಳಗೆ ಓಮ್ನಿಯ ಹತ್ತಿರ ಬಂದ ಮೇಲೆ ಕಮಲಾಕ್ಷಿಯ ಕಟ್ಟೆ ಒಡೆಯಿತು. ಮಗಳನ್ನು ಒಳಗೆ ಕೂರಿಸಿ ಬಾಗಿಲು ಎಳೆದು, ಪಾರ್ಕಿಂಗಿನ ಜನವೆಲ್ಲ ತಿರುಗಿ ನೋಡಿದರೂ ಬಿಡದೆ ಒದರಿದಳು. "ನಿಮಗೆ ಕಣ್ಣಿರಲಿಲ್ವಾ? ಎಷ್ಟು ಸಲ ಬಡ್ಕೊಂಡೆ? ಮಗೀಗೆ ಮೂರ್ಛೆ ಬರ್ತಿದ್ರೆ ಭೇಷ್ ಅಂದ್ರಲ್ಲ, ಬಾಯಾದ್ರೂ ಹೆಂಗೆ ಬಂತು ನಿಮ್ಗೆ? ಅವತ್ತು ಸಾರಿನ ಬದಲು ಲಾರಿ ಆಗಿದ್ರೆ? ಹೇಳಿ! ಆ ಶಾಲು ಹೊದಿಸಿ ಮಲಗಿಸ್ತಿದ್ರಾ?" ಅಂದ ಮೇಲೆ ಅವಳಿಗೇ ಅನಿಸಿತು, ಇಂಥ ಮಾತು ಬಾಯಿಗೆ ಬರಬಾರದಿತ್ತು. ಅವನು ತಿರುಗಿ ಬೈದಿದ್ದರೆ ಸಮಾಧಾನವಾದರೂ ಆಗುತ್ತಿತ್ತು. ಅವನು ಹಿಂದಿನ ಬಾಗಿಲು ತೆಗೆದು ಸ್ಪೀಕರನ್ನು ವೈರಿನ ಸುರುಳಿಗಳ ಅಡಿಗೆ ತಳ್ಳಿದ.

ಮನೆಯಿಂದ ಫೋನು ಬಂತು. "ಏನಂದ್ರು?" ಎಂದರು ಚಿಕ್ಕಲಕ್ಷ್ಮಮ್ಮ.

"ಫಿಟ್ಸ್ ಅತ್ತೆ."

"ಮೆತ್ತಗೆ ಮಾತಾಡೇ! ಆಸ್ಪತ್ರೆ ತುಂಬ ನಮ್ಮೂರೋರೇ ಇರ್ತಾರೆ."

"ಇರ್ಲಿ ಅತ್ತೆ. ಎಲ್ಲಾರೂ ಕೇಳಿಸ್ಕೊಳ್ಲಿ," ಅಂದಳು ಕಮಲಾಕ್ಷಿ. "ನಾಳೆ ಸ್ಕೂಲಿಗೂ ಹೋಗಿ ಹೇಳ್ತೀನಿ. ಇವ್ಳು ನಿಂತ್ರೆ ಬಯ್ಯಬೇಡಿ, ಕೈ ಹಿಡ್ಕೊಳ್ಳಿ ಅಂತ."

ಮಾತ್ರೆ ಶುರುವಾಯಿತು. ಮೊದಲ ವಾರ ನಿಸರ್ಗ ಮಂಕಾಗಿ ಮಲಗಿದಳು, ವಾಂತಿ ಮಾಡಿಕೊಂಡಳು. ನೆರೆಯ ಬಸವಲಿಂಗಮ್ಮ ಬಂದು ಕೇಳಿದಾಗ ಅತ್ತೆ, "ರಕ್ತ ಕಮ್ಮಿ ಐತಂತೆ" ಎಂದರು. ಒಳಗಿಂದ ಕಮಲಾಕ್ಷಿ, "ಫಿಟ್ಸ್ ಕಣಕ್ಕಾ, ಮಾತ್ರೆ ಕೊಡ್ತಿದೀವಿ" ಎಂದು ಕೂಗಿದಳು. ಅತ್ತೆ ಎರಡು ದಿನ ಮಾತು ಬಿಟ್ಟರು. ಬಿಡಲಿ. ಮಾತ್ರೆಯ ಹೊತ್ತಿಗೆ ಮಾತ್ರ ನೀರಿನ ಲೋಟ ಹಿಡಿದು ಮೊಮ್ಮಗಳ ಹತ್ತಿರ ನಿಂತಿರುತ್ತಿದ್ದವರು ಅವರೇ. ಚನ್ನರಾಯಪಟ್ಟಣದ ಯಾರೋ ಅಲ್ಪದ ಪೆನ್‌ಡ್ರೈವ್ ಕೇಳಿ ಫೋನು ಮಾಡಿದರೆ ಶಶಿಕುಮಾರ್, "ಅದು ನಿಂತೋಯ್ತು ಸಾ," ಎಂದಷ್ಟೇ ಹೇಳುವನು. ಯಾಕೆ ಎಂದು ಅವರು ಕೇಳಿದರೆ ಫೋನು ಇಟ್ಟುಬಿಡುವನು. ಹಾಗೆ ಫೋನು ಇಟ್ಟು ವೈರು ಸುತ್ತುತ್ತಾ ಕೂರುವ ಗಂಡನನ್ನು ಕಂಡರೆ ಕಮಲಾಕ್ಷಿಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ, ಸಿಟ್ಟೇ ಬರುತ್ತಿತ್ತು. ಹೇಳಬಾರದೇ ನೆಟ್ಟಗೆ?

ತಿಂಗಳು ಕಳೆದ ಮೇಲೆ ಒಂದು ಭಾನುವಾರ. ಕಮಲಾಕ್ಷಿ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಅಂಗಡಿಯ ಕಡೆಯಿಂದ ತಂಬೂರಿ ಗುಂಯ್ ಎಂದಿತು. ಅದರ ಬೆನ್ನಿಗೇ ಕೊಳಲು. ಅದೇ ಹಾಡು! ಅವಳ ಕೈಯ ಸಾಬೂನಿನ ಚಿಪ್ಪು ನೆಲಕ್ಕೆ ಬಿತ್ತು. ಇನ್ನೂ ಬುದ್ಧಿ ಬರಲಿಲ್ಲವಲ್ಲ ಈ ಮನುಷ್ಯನಿಗೆ! ಒದ್ದೆ ಕೈಯಲ್ಲೇ ಎದ್ದು, ಇವತ್ತು ವೈರು ಕಿತ್ತು ಬೀದಿಗೆ ಎಸೆಯುವುದೇ ಸೈ ಎಂದು ನಡುಮನೆ ದಾಟಿ ಧಡಧಡ ಬಂದಳು.

ಶಶಿಕುಮಾರ್ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ರಿಪೇರಿಗೆ ಬಿಚ್ಚಿದ್ದ ದೊಡ್ಡ ಡಬ್ಬಕ್ಕೆ ಕಿವಿ ಕೊಟ್ಟಿದ್ದ. ಕೈಗೆ ಸಿಕ್ಕಿದ ಯಾವುದೋ ಪೆನ್‌ಡ್ರೈವ್ ಹಾಕಿದ್ದನೇನೋ, ಅವಳನ್ನು ಕಂಡು ಬೆದರಿ ನಿಲ್ಲಿಸಲು ಕೈ ಚಾಚಿದ.

"ನಿಲ್ಲಿಸ್ಬ್ಯಾಡ ಅಪ್ಪಾ," ಎಂದಳು ನಿಸರ್ಗ.

ಅವಳು ಪಕ್ಕದ ಡಬ್ಬದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಹುಬ್ಬು ಗಂಟಿಕ್ಕಿ, ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದಳು. ಕೊಳಲು ಮೇಲಕ್ಕೆ ಹೋಗಿ, ಸುತ್ತಿ, ನಿಧಾನಕ್ಕೆ ಕೆಳಗಿಳಿಯಿತು. ಕಮಲಾಕ್ಷಿ ಅಭ್ಯಾಸಬಲದಿಂದ ಮಗಳ ಕಣ್ಣು ನೋಡಿದಳು. ರೆಪ್ಪೆ ಅದುರಲಿಲ್ಲ.

"ಇದು ಅದೇ ಹಾಡಲ್ವಾ ಅಪ್ಪಾ?"

"ಊಂ ಕಣವ್ವ. ಅದೇಯ."

"ಮೊದ್ಲು ಅಲ್ಲಲ್ಲಿ ಕಟ್ಟಾಗ್ತಿತ್ತಲ್ಲ. ಈಗ ಎಲ್ಲೂ ಕಟ್ಟಾಗ್ತಾನೇ ಇಲ್ಲ," ಅಂದಳು ನಿಸರ್ಗ. "ಹೆಂಗ್ ಸರಿ ಮಾಡ್ದೆ?"

ಶಶಿಕುಮಾರ್ ಡಬ್ಬದ ಹಿಂದೆ ಮುಖ ಹುದುಗಿಸಿ, ಇಲ್ಲದ ಯಾವುದೋ ಸ್ಕ್ರೂ ತಿರುಗಿಸತೊಡಗಿದ. ಬೈಯಲು ಬಂದ ಕಮಲಾಕ್ಷಿ, ಕೈಯಿಂದ ಸಾಬೂನಿನ ನೊರೆ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಹಾಡು ಪೂರ್ತಿ ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದಳು.